ಸೇಬಿನೊಳಗಿನ ನಕ್ಷತ್ರ

ಹೋದ ತಿಂಗಳು ಒಬ್ಬರ ಪ್ರಶ್ನೆಗೆ ಉತ್ತರಿಸುವಾಗ, ‘ಇಂಗ್ಲೆಂಡಿನಲ್ಲಿ ನಾನು ಆರೈಕೆ ಮಾಡಿದ ಒಬ್ಬ ಮುದುಕಿ ವಿಚ್ ಆಗಿದ್ದರು, ಅದು ಅವರ ಧರ್ಮ’ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲು ಹಿಡಿದುಕೊಂಡು ಇಷ್ಟು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ಕೆಲವರಿಗೆ ಕುತೂಹಲ, ಕೆಲವರಿಗೆ ಭಯ, ಇನ್ನು ಕೆಲವರಿಗೆ ಸಿಟ್ಟು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಇಂಗ್ಲಿಷ್ ಕಥೆಗಳಲ್ಲಿ ವಿಚ್ ಎಂದರೆ ಮಾಟಗಾತಿ, ಆದರೆ ದೇವಿಯನ್ನೂ ಪ್ರಕೃತಿಯನ್ನೂ ಪೂಜಿಸುವ, ವಿಕ್ಕಾ ಎಂಬ ಧರ್ಮದವರೂ ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ. ಹೊಸದಾಗಿ ಓದುವವರಿಗೆ ಹೇಳುವುದಾದರೆ, ನಾನು ಸಾಗರದವಳು. ಸಸೆಕ್ಸ್ ಕಡೆಯ ಒಂದು ಹಾಸ್ಪಿಸ್‌ನಲ್ಲಿ, ಅಂದರೆ ಇನ್ನು ಗುಣವಾಗದ ರೋಗಿಗಳನ್ನು ಕೊನೆತನಕ ನೋಡಿಕೊಳ್ಳುವ ಮನೆಯಲ್ಲಿ, 21 ವರ್ಷ ನರ್ಸ್ ಆಗಿದ್ದು ಈಗ ಊರಿಗೆ ಮರಳಿದ್ದೇನೆ.

ಪ್ರಶ್ನೆ: ನನಗೆ 23 ವರ್ಷ. ‘ವಿಚಿ’ ಲುಕ್ ಅಂದರೆ ಪ್ರಾಣ. ಕಪ್ಪು ಡ್ರೆಸ್, ಚಂದ್ರನ ಲಾಕೆಟ್, ಐದು ಮೂಲೆಯ ನಕ್ಷತ್ರದ ಓಲೆ, ಶಕುನ ನೋಡುವ ಟ್ಯಾರೊ ಕಾರ್ಡು, ಕ್ರಿಸ್ಟಲ್‌ಗಳು, ಹೊಗೆ ಹಾಕುವ ಬಿಳಿ ಸೇಜ್ ಸೊಪ್ಪಿನ ಕಟ್ಟು ಎಲ್ಲ ತರಿಸಿಕೊಂಡಿದ್ದೇನೆ. ಫೋಟೊ ಹಾಕಿದ್ದಕ್ಕೆ ಸ್ಕಾಟ್ಲೆಂಡಿನ ಒಬ್ಬಾಕೆ, ‘ನನ್ನ ಧರ್ಮ ನಿನ್ನ ವೇಷವಲ್ಲ’ ಎಂದು ಬರೆದರು. ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ಅವರಿಗೇಕೆ ಅಷ್ಟು ನೋವು?
— ಜಯನಗರ, ಬೆಂಗಳೂರು

ತಂಗಿ, ನೋವು ಯಾಕೆ ಎಂದು ಕೇಳಿದ್ದೀಯಲ್ಲ, ಅದಕ್ಕೇ ನಿನ್ನ ಪತ್ರವನ್ನು ಮೊದಲು ತೆಗೆದುಕೊಂಡೆ. ನಾನು ಕಂಡ ಒಂದು ರಾತ್ರಿಯ ವಿಷಯ ಹೇಳುತ್ತೇನೆ.

ಅವರು ಎಪ್ಪತ್ತು ದಾಟಿದವರು. ಆಯುಷ್ಯವಿಡೀ ಒಂದು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವರು. ಶ್ವಾಸಕೋಶದ ಕ್ಯಾನ್ಸರ್. ದಾಖಲಾದ ದಿನ ಫಾರ್ಮ್ ತುಂಬುವಾಗ ಧರ್ಮ ಯಾವುದು ಎಂದು ಕೇಳಿದ್ದಕ್ಕೆ ‘ವಿಚ್’ ಅಂದರಂತೆ. ಅಕ್ಟೋಬರ್ ಕೊನೆಯ ವಾರ, ವೇಷ ಹಾಕುವ ಹ್ಯಾಲೋವೀನ್ ಹಬ್ಬ ಹತ್ತಿರ. ನಮ್ಮ ಚಿಕ್ಕ ವಯಸ್ಸಿನ ನರ್ಸ್ ತಮಾಷೆ ಎಂದುಕೊಂಡು ನಕ್ಕು, ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆದಿದ್ದಳು. ಅವರು ತಿದ್ದಲು ಹೋಗಲಿಲ್ಲ.

31ರ ರಾತ್ರಿ ಪಾಳಿ ನನ್ನದು. ಹಾಸ್ಪಿಸ್‌ಗೆ ಹಣ ಕೂಡಿಸಲು ಹಗಲಿಡೀ ಸಿಬ್ಬಂದಿ ವೇಷ ಹಾಕಿದ್ದರು. ನರ್ಸುಗಳು ಕೂರುವ ಮೇಜಿನ ಮೇಲೆ ವಿಚ್ ವೇಷದ ಒಂದು ಚೂಪು ಟೋಪಿ, ಗೋಡೆಗೆ ಹತ್ತಿಯ ಜೇಡರಬಲೆ. ನಾನು ಒಳಗೆ ಹೋದಾಗ ಆಕೆ ನನ್ನ ಕೈ ಹಿಡಿದು, ‘ನೀನು ಹಿಂದೂ ಅಲ್ಲವೆ? ನಿನಗೆ ಅರ್ಥವಾದೀತು’ ಎಂದರು. ಒಂದು ಬಟ್ಟಲು ನೀರು, ತಟ್ಟೆಯಲ್ಲಿ ಚೂರು ಉಪ್ಪು, ಒಂದು ಸೇಬು, ಒಂದು ದೀಪ. ಕೇಳಿದ್ದು ಇಷ್ಟೇ. ಕೋಣೆಯಲ್ಲಿ ಆಕ್ಸಿಜನ್ ಹರಿಯುತ್ತಿತ್ತು, ಬೆಂಕಿ ಹಚ್ಚುವ ಹಾಗಿಲ್ಲ. ಮಿಣುಕುವ ಬ್ಯಾಟರಿ ದೀಪವೊಂದು ಸಿಕ್ಕಿತು, ಅದನ್ನೇ ಇಟ್ಟೆ. ಒಂಬತ್ತು ಗಂಟೆಗೆ ಅವರ ಬಳಗದ ಮೂವರು ಬಂದರು. ಒಬ್ಬಾತ ಸಿಟಿ ಬಸ್ ಡ್ರೈವರ್, ಯೂನಿಫಾರ್ಮ್‌ನಲ್ಲೇ ಬಂದಿದ್ದ. ಇಬ್ಬರು ಹೆಂಗಸರು, ಮಾಮೂಲಿ ಸ್ವೆಟರ್, ಮಳೆಗೆ ಒದ್ದೆಯಾದ ಶೂ. ಒಬ್ಬರಲ್ಲೂ ಕಪ್ಪು ಬಟ್ಟೆ ಇರಲಿಲ್ಲ.

ಸೇಬನ್ನು ನಾವೆಲ್ಲ ತೊಟ್ಟಿನಿಂದ ಕೆಳಗೆ ಉದ್ದಕ್ಕೆ ಹೆಚ್ಚುತ್ತೇವೆ. ಆಕೆ ಅಡ್ಡಕ್ಕೆ ಹೆಚ್ಚಲು ಹೇಳಿದರು. ಹೆಚ್ಚಿ ನೋಡಿದರೆ ನಟ್ಟನಡುವೆ ಬೀಜದ ಗೂಡುಗಳು ಸೇರಿ ಐದು ಮೂಲೆಯ ನಕ್ಷತ್ರ ಮೂಡಿತ್ತು. ನಿನ್ನ ಓಲೆಯಲ್ಲಿರುವುದು ಅದೇ ನಕ್ಷತ್ರ. ಐವತ್ತು ವರ್ಷ ಸೇಬು ತಿಂದಿದ್ದೆ, ಅದನ್ನು ನೋಡಿರಲಿಲ್ಲ. ಒಂದೊಂದು ಹೋಳು ತೆಗೆದು ತಟ್ಟೆಯಲ್ಲಿಡುವಾಗ ಒಂದೊಂದು ಹೆಸರು ಹೇಳಿದರು. ಅಮ್ಮನದು, ಗಂಡನದು, ಆಮೇಲೆ ಎರಡೇ ದಿನ ಬದುಕಿದ್ದ ಒಂದು ಮಗುವಿನದು. ಅವರ ಪಂಚಾಂಗದಲ್ಲಿ ಆ ರಾತ್ರಿಗೆ ಸಾವಿನ್ ಎಂದು ಹೆಸರು. ಸತ್ತವರಿಗೂ ಇದ್ದವರಿಗೂ ನಡುವಿನ ಪರದೆ ತೆಳುವಾಗುವ ರಾತ್ರಿ ಎಂಬ ನಂಬಿಕೆ. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಅಜ್ಜಿ ಎಡೆ ಇಟ್ಟು ಬಾಗಿಲು ಅರ್ಧ ತೆರೆದಿಡುತ್ತಿದ್ದದ್ದು ನೆನಪಾಗಿ ನನಗೆ ಗಂಟಲು ಕಟ್ಟಿತು. ಹೊರಗಿನ ಮೇಜಿನ ಮೇಲೆ ಆ ಚೂಪು ಟೋಪಿ ಹಾಗೇ ಇತ್ತು. ನಾನೇ ಹೋಗಿ ಅದನ್ನು ಡ್ರಾಯರ್ ಒಳಗಿಟ್ಟು ಬಂದೆ. ಬೆಳಗ್ಗೆ ಫಾರ್ಮ್ ತಿದ್ದಿಸಿದೆ.

ಸ್ಕಾಟ್ಲೆಂಡಿನ ಆ ಹೆಂಗಸಿನ ಬದುಕಿನಲ್ಲೂ ಇಂಥ ರಾತ್ರಿಗಳು ಇದ್ದಿರಬಹುದು. ಗಣಪತಿ, ಲಕ್ಷ್ಮಿಯ ಚಿತ್ರವನ್ನು ಹೊರದೇಶದವರು ಚಪ್ಪಲಿಯ ಮೇಲೆ, ಈಜುಡುಗೆಯ ಮೇಲೆ ಅಚ್ಚು ಹಾಕಿದಾಗ ನಮ್ಮವರಿಗೆ ಎಷ್ಟು ಚುಚ್ಚಿತು! ಅಚ್ಚು ಹಾಕಿದವರೂ ‘ನಾವು ಯಾರಿಗೂ ಕೆಟ್ಟದ್ದು ಮಾಡಿಲ್ಲ, ನೋಡಲು ಚೆಂದವಿತ್ತು’ ಎಂದೇ ಅಂದುಕೊಂಡಿರಬೇಕು. ಚೆಂದವಿರುವುದು ನಿಜ. ಚೆಂದದ ಹಿಂದೆ ಯಾರೋ ಕೈಮುಗಿಯುತ್ತಾರೆ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

2018ರಲ್ಲಿ ಅಮೆರಿಕದಲ್ಲಿ ನಡೆದದ್ದು ಹೇಳುತ್ತೇನೆ. ಸೆಫೊರಾ ಎಂಬ ದೊಡ್ಡ ಸೌಂದರ್ಯವರ್ಧಕ ಮಳಿಗೆಯಲ್ಲಿ ಮಾರುವುದಕ್ಕೆಂದು ಪಿನ್‌ರೋಸ್ ಎಂಬ ಸುಗಂಧದ ಕಂಪನಿ ಒಂದು ಪೆಟ್ಟಿಗೆ ತಯಾರಿಸಿತು. ಹೊಸದಾಗಿ ವಿಚ್ ಆಗುವವರ ಕಿಟ್ ಅಂತ ಹೆಸರು, 42 ಡಾಲರ್ ಬೆಲೆ. ಒಳಗೆ ಸಣ್ಣ ಸಣ್ಣ ಸೆಂಟು, ಟ್ಯಾರೊ ಕಾರ್ಡು, ಒಂದು ಗುಲಾಬಿ ಕಲ್ಲು, ಒಂದು ಕಟ್ಟು ಬಿಳಿ ಸೇಜ್. ಆ ಧರ್ಮವನ್ನು ನಂಬಿ ನಡೆಯುವವರು ವಿರೋಧಿಸಿ ಎದ್ದು ನಿಂತರು, ಅವರ ಜತೆ ಅಮೆರಿಕದ ಮೂಲನಿವಾಸಿಗಳೂ ಎದ್ದು ನಿಂತರು. ಕಂಪನಿ ಕ್ಷಮೆ ಕೇಳಿ ಮಾರಾಟ ಕೈಬಿಟ್ಟಿತು. ನಿನ್ನ ಕೋಣೆಯಲ್ಲಿರುವುದು ಹೆಚ್ಚುಕಡಿಮೆ ಅದೇ ಪೆಟ್ಟಿಗೆ.

ಮೂಲನಿವಾಸಿಗಳಿಗೆ ಸಿಟ್ಟು ಬಂದದ್ದು ಸೇಜ್ ಕಟ್ಟಿನಿಂದ. ಬಿಳಿ ಸೇಜ್ ಮೂಲತಃ ಬ್ರಿಟನ್ನಿನ ವಿಚ್‌ಗಳದ್ದಲ್ಲ. ಅದು ಬೆಳೆಯುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಅದಕ್ಕೆ ಅಂಟಿದ ಮೆಕ್ಸಿಕೊದ ಬಾಹಾ ಸೀಮೆಯಲ್ಲಿ. ಚುಮಾಶ್, ಟೊಂಗ್ವಾ ಮುಂತಾದ ಜನಗಳಿಗೆ ಅದು ಔಷಧಿಯೂ ಹೌದು, ಪೂಜೆಗೂ ಬೇಕು. 1883ರಿಂದ ಅಮೆರಿಕ ಸರ್ಕಾರ ಮೂಲನಿವಾಸಿಗಳ ಕುಣಿತ, ವಿಧಿಗಳನ್ನು ಅಪರಾಧ ಎಂದು ಬರೆದಿಟ್ಟಿತ್ತು. ಅವರ ಧಾರ್ಮಿಕ ಸ್ವಾತಂತ್ರ್ಯಕ್ಕೆಂದೇ ಕಾನೂನು ಬಂದದ್ದು 1978ರಲ್ಲಿ. ಅಜ್ಜಂದಿರು ಕದ್ದುಮುಚ್ಚಿ ಹೊಗೆ ಹಾಕಿದ ಸೊಪ್ಪನ್ನು ಈಗ ಮೊಮ್ಮಕ್ಕಳು ಅಂಗಡಿಯ ಗಾಜಿನ ಹಿಂದೆ ನೋಡಬೇಕು. ಅದೂ ಬಹಳಷ್ಟು ಗುಡ್ಡದಿಂದ ಕದ್ದದ್ದು. ಲಾಸ್ ಏಂಜಲೀಸ್‌ನ ಪೂರ್ವಕ್ಕೆ ಎಟಿವಾಂಡಾ ಎಂಬ ಕಾದಿಟ್ಟ ಗುಡ್ಡವಿದೆ. ಅಲ್ಲಿಂದ ಗೋಣಿಗಟ್ಟಲೆ ಸೇಜ್ ಕೊಯ್ದು ಸಾಗಿಸುವವರು ಸಿಕ್ಕಿಬಿದ್ದಿದ್ದಾರೆ. ಜಯನಗರದ ಮನೆಗೆ ಹೊಗೆ ಬೇಕಾದರೆ ಸಾಂಬ್ರಾಣಿ ಇದೆ, ಲೋಬಾನ ಇದೆ. ಆ ಸೊಪ್ಪು ಅಷ್ಟು ದೂರದಿಂದ ಯಾಕೆ ಬರಬೇಕು ಹೇಳು.

ಕ್ರಿಸ್ಟಲ್ ಕಲ್ಲಿನ ವಿಷಯ ನಮ್ಮ ದೇಶದ್ದೇ. ಅಮೆಥಿಸ್ಟ್, ಗುಲಾಬಿ ಕ್ವಾರ್ಟ್ಜ್, ಅಕೀಕ್ ಯಾವುದೇ ಹೆಸರಿರಲಿ, ಎಲ್ಲದರ ಮೂಲವಸ್ತು ಸಿಲಿಕಾ. ಹಳದಿ ಸಿಟ್ರಿನ್ ಎಂದು ಮಾರುವುದರಲ್ಲಿ ಎಷ್ಟೋ ಕಲ್ಲು ಕಾಯಿಸಿ ಬಣ್ಣ ಬದಲಿಸಿದ ಅಮೆಥಿಸ್ಟ್. ಗುಜರಾತಿನ ಖಂಭಾತ್‌ನಲ್ಲಿ ತಲೆತಲಾಂತರದಿಂದ ಅಕೀಕ್ ಉಜ್ಜುವ ಕಸುಬಿದೆ. ಎಷ್ಟೋ ಜನ ಮನೆಯಲ್ಲೇ ಗಾಲಿಯ ಮುಂದೆ ಕೂತು ಉಜ್ಜುತ್ತಾರೆ. ಹಿಟ್ಟಿನಂಥ ಧೂಳು ಏಳುತ್ತದೆ. ಅದು ಉಜ್ಜುವವರ ಶ್ವಾಸಕೋಶಕ್ಕೂ ಹೋಗುತ್ತದೆ, ಪಕ್ಕದಲ್ಲಿ ಆಡುವ ಮಗುವಿಗೂ ಹೋಗುತ್ತದೆ. ಸಿಲಿಕೋಸಿಸ್ ಎಂದು ಕಾಯಿಲೆ. ಶ್ವಾಸಕೋಶ ಗಟ್ಟಿಯಾಗುತ್ತ ಬರುತ್ತದೆ, ವಾಸಿಮಾಡುವ ಔಷಧಿ ಇಲ್ಲ, ಮೇಲಿಂದ ಕ್ಷಯ ಸುಲಭವಾಗಿ ಹತ್ತುತ್ತದೆ. ಉಸಿರಿಗೆ ಪರದಾಡುವವರ ಪಕ್ಕ ಕೂತು ರಾತ್ರಿ ಕಳೆದವಳು ನಾನು, ಹಾಗಾಗಿ ಇದನ್ನು ಹೇಳದೆ ಬಿಡಲಾರೆ. ನೆಮ್ಮದಿ ಕೊಡುವ ಕಲ್ಲು ಎಂದು ಕೊಳ್ಳುವಾಗ ಅದನ್ನು ನುಣುಪು ಮಾಡಿದ್ದು ಯಾರು ಎಂದು ಕೇಳಬೇಕು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕೊಳ್ಳಬೇಡ.

ಟ್ಯಾರೊ ಬಗ್ಗೆ ನನ್ನ ತಕರಾರಿಲ್ಲ. 15ನೇ ಶತಮಾನದಲ್ಲಿ ಇಟಲಿಯವರು ಆಡುತ್ತಿದ್ದ ಇಸ್ಪೀಟು ಅದು, ಶಕುನ ನೋಡಲು ಬಳಸಿದ್ದು ಬಹಳ ಆಮೇಲೆ. ಕಪ್ಪು ಬಟ್ಟೆಯೂ ನಿನ್ನಿಷ್ಟ. ಆ ನಕ್ಷತ್ರದ ಓಲೆ ಹಾಕಿಕೊಳ್ಳುವುದಿದ್ದರೆ ಅದು ಏನು ಎಂದು ತಿಳಿದು ಹಾಕಿಕೋ. ಆ ಹೆಂಗಸಿಗೆ ಎರಡು ಸಾಲು ಉತ್ತರ ಬರೆ. ‘ನಿಮಗೆ ಅದು ಏನು, ಹೇಳಿ’ ಎಂದು ಕೇಳಿದರೆ ಅವರು ಖಂಡಿತ ಹೇಳುತ್ತಾರೆ.

ಪ್ರಶ್ನೆ: ಎಪ್ಪತ್ತು ವರ್ಷದ ಹಿಂದೆ ಒಬ್ಬ ನಿವೃತ್ತ ಅಧಿಕಾರಿ ಕೂತು ಹೊಸೆದದ್ದನ್ನು ಧರ್ಮ ಎನ್ನುವುದಾದರೆ ನಾಳೆ ನಾನೂ ಒಂದು ಶುರುಮಾಡಬಹುದಲ್ಲ? ವೇಷಕ್ಕಿಂತ ಹೆಚ್ಚಿನ ಗೌರವ ಇದಕ್ಕೆ ಯಾಕೆ?
— ನಿವೃತ್ತ ಶಿಕ್ಷಕರು, ಧಾರವಾಡ

ಮೇಷ್ಟ್ರೇ, ನೀವು ಹೇಳುವ ಇತಿಹಾಸ ಸರಿ. ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷಿನವರು ಮಲಯಾದಲ್ಲಿ ಕಸ್ಟಮ್ಸ್ ಕೆಲಸ ಮಾಡಿ ನಿವೃತ್ತರಾದವರು. 1939ರಲ್ಲಿ ನ್ಯೂ ಫಾರೆಸ್ಟ್ ಕಾಡಿನ ಪಕ್ಕದ ಒಂದು ಗುಟ್ಟಿನ ಗುಂಪು ತಮಗೆ ದೀಕ್ಷೆ ಕೊಟ್ಟಿತೆಂದು ಹೇಳಿಕೊಂಡರು. ಆಗ ಬ್ರಿಟನ್ನಿನಲ್ಲಿ 1735ರ ವಿಚ್‌ಕ್ರಾಫ್ಟ್ (ಮಾಟಮಂತ್ರ) ಕಾಯ್ದೆ ಇನ್ನೂ ಜೀವಂತವಿತ್ತು. 1944ರಲ್ಲೂ ಹೆಲನ್ ಡಂಕನ್ ಎಂಬ, ಸತ್ತವರ ಜತೆ ಮಾತಾಡಿಸುತ್ತೇನೆ ಎನ್ನುತ್ತಿದ್ದ ಹೆಂಗಸನ್ನು ಅದರಡಿ ಜೈಲಿಗೆ ಹಾಕಿದರು. ಆ ಕಾಯ್ದೆ ರದ್ದಾದದ್ದು 1951ರಲ್ಲಿ. 1954ರಲ್ಲಿ ಗಾರ್ಡ್ನರ್ ಪುಸ್ತಕ ಬರೆದರು. ಇದು ಕ್ರೈಸ್ತಧರ್ಮಕ್ಕಿಂತ ಹಿಂದಿನದು, ಮುರಿಯದೆ ಬಂದ ಪರಂಪರೆ ಎಂಬುದು ಅವರ ವಾದ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಇದನ್ನೆಲ್ಲ ಕೂಲಂಕಷವಾಗಿ ಜಾಲಾಡಿ, ಹಾಗೆ ಮುರಿಯದ ಪರಂಪರೆಗೆ ಪುರಾವೆ ಇಲ್ಲ, ಇದು ಬಹುಮಟ್ಟಿಗೆ 20ನೇ ಶತಮಾನದಲ್ಲಿ ರೂಪುಗೊಂಡದ್ದು ಎಂದು ತೋರಿಸಿದರು. ವಿಕ್ಕಾ ಎಂದು ಕರೆಯುವ ಈ ಧರ್ಮದವರಲ್ಲಿ ಎಷ್ಟೋ ಜನ ಅದನ್ನು ಒಪ್ಪಿಕೊಂಡೂ ಇದ್ದಾರೆ. ತಮ್ಮ ಧರ್ಮದ ಬಗ್ಗೆ ಇತಿಹಾಸಕಾರ ಹೇಳಿದ್ದನ್ನು ಓದಿ, ಒಪ್ಪಿ, ಆಮೇಲೂ ಹುಣ್ಣಿಮೆಗೆ ದೀಪ ಹಚ್ಚುವವರನ್ನು ಕಂಡರೆ ನನಗೆ ಗೌರವ ಹೆಚ್ಚುತ್ತದೆ.

ಗಾರ್ಡ್ನರ್ ಒಬ್ಬರೇ ಕಟ್ಟಿದ್ದೂ ಅಲ್ಲ. 1953ರಲ್ಲಿ ದೀಕ್ಷೆ ಪಡೆದ ಡೋರೀನ್ ವ್ಯಾಲಿಯಂಟೆ ಎಂಬ ಹೆಂಗಸು ವಿಧಿಯ ಮಾತುಗಳನ್ನು ನೋಡಿ, ಇದರಲ್ಲಿ ಇಷ್ಟು ಭಾಗ ಬೇರೆಯವರ ಬರಹದಿಂದ ಎತ್ತಿದ್ದು ಎಂದು ಗುರುವಿನ ಮುಖಕ್ಕೇ ಹೇಳಿದರು. ಹಾಗಾದರೆ ನೀನೇ ಬರೆ ಎಂದಾಗ ಕೂತು ಬರೆದರು. ದೇವಿ ತನ್ನ ಮಕ್ಕಳನ್ನು ಉದ್ದೇಶಿಸಿ ಆಡುವ ಮಾತು ಅವರ ಕೈಯಲ್ಲಿ ಕಾವ್ಯವಾಯಿತು. ಇವತ್ತಿಗೂ ಪೂಜೆಗೆ ವೃತ್ತ ಕಟ್ಟಿದಲ್ಲೆಲ್ಲ ಅದನ್ನು ಹೇಳುತ್ತಾರೆ. ಬ್ರೈಟನ್‌ನಲ್ಲಿ ಅವರಿದ್ದ ಮನೆ ಟೈಸನ್ ಪ್ಲೇಸ್ ಎಂಬ ಎತ್ತರದ ಕಟ್ಟಡದಲ್ಲಿ, ನಗರಸಭೆ ಬಾಡಿಗೆಗೆ ಕೊಡುವ ಸಾಮಾನ್ಯ ಫ್ಲ್ಯಾಟು. 2013ರ ಜೂನ್‌ನಲ್ಲಿ ಅದಕ್ಕೆ, ಹೆಸರಾಂತರು ಇದ್ದ ಮನೆಗೆ ಹಾಕುವ ನೀಲಿ ಫಲಕ ಹಾಕಿದರು, ಆಧುನಿಕ ವಿಚ್‌ಕ್ರಾಫ್ಟ್‌ನ ತಾಯಿ ಎಂದು. ರಜೆಯ ದಿನ ಬಸ್ಸಿನಲ್ಲಿ ಹೋಗಿ ನೋಡಿದ್ದೇನೆ. ಕೆಳಗೆ ಕಸದ ತೊಟ್ಟಿಗಳು, ಮಗುವಿನ ಗಾಡಿ ತಳ್ಳಿಕೊಂಡು ಹೋಗುವ ತಾಯಿ, ಮೇಲೆ ಆ ಫಲಕ. ಅಲ್ಲಿ ನಿಂತು ಫೋಟೊ ತೆಗೆಯುವಂಥದ್ದು ಏನೂ ಇಲ್ಲ.

ಇದನ್ನು ಧರ್ಮ ಮಾಡುವುದು ಯಾವುದು ಎಂದು ಕೇಳಿದರೆ, ಅದು ಮನುಷ್ಯನಿಂದ ಏನನ್ನು ಕೇಳುತ್ತದೆ ಎಂಬುದು ಎನ್ನುತ್ತೇನೆ. ಹಳೆಯ ಕ್ರಮದ ಗುಂಪುಗಳಲ್ಲಿ ದೀಕ್ಷೆಗೆ ಮೊದಲು ಒಂದು ವರ್ಷ ಒಂದು ದಿನ ಕಲಿಯಬೇಕು. ವರ್ಷಕ್ಕೆ ಎಂಟು ಹಬ್ಬ. ಸೂರ್ಯ ದಿಕ್ಕು ಬದಲಿಸುವ ದಿನ, ಹಗಲೂ ರಾತ್ರಿಯೂ ಸಮವಾಗುವ ದಿನ, ಅವುಗಳ ನಡುವಿನ ದಿನಗಳು. ಜತೆಗೆ ಹುಣ್ಣಿಮೆಗಳು. ನಾಲ್ಕು ದಿಕ್ಕಿಗೆ ಕೈಮುಗಿದು ಮಣ್ಣು, ಗಾಳಿ, ಬೆಂಕಿ, ನೀರನ್ನು ಕರೆಯುತ್ತಾರೆ. ದೇವಿ ಇದ್ದಾಳೆ, ಕೊಂಬಿನ ದೇವರಿದ್ದಾನೆ. ಯಾರಿಗೂ ಕೇಡಾಗದಂತೆ ನಿನ್ನಿಷ್ಟದಂತೆ ನಡೆ ಎಂಬುದು ಅವರ ನಡೆಯ ಸೂತ್ರ. ಕಾಂತಿ ಕೊಡುವ ಕ್ರೀಮಿಗೆ ‘ವಿಚ್’ ಎಂದು ಹೆಸರಿಟ್ಟರೆ ಈ ಯಾವುದನ್ನೂ ಅದು ಕೇಳುವುದಿಲ್ಲ, ದುಡ್ಡು ಮಾತ್ರ ಕೇಳುತ್ತದೆ.

ಇನ್ನು ಅವರು ಪಟ್ಟ ಪಾಡು. ವರ್ಜೀನಿಯಾದ ಜೈಲಿನಲ್ಲಿದ್ದ ಡೆಟ್‌ಮರ್ ಎಂಬ ಕೈದಿ ತನ್ನ ವಿಧಿಗೆ ಮೇಣದ ಬತ್ತಿ, ಧೂಪ, ಉಪ್ಪು, ಬಿಳಿ ನಿಲುವಂಗಿ, ಧ್ಯಾನದಿಂದ ಏಳಲು ಅಡುಗೆಮನೆಯ ಟೈಮರ್ ಬೇಕೆಂದು ಕೋರ್ಟಿಗೆ ಹೋದ. 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಭದ್ರತೆಯ ಕಾರಣಕ್ಕೆ ಆ ಸಾಮಾನುಗಳನ್ನು ಜೈಲಿನವರು ನಿರಾಕರಿಸಬಹುದು ಅಂದಿತು, ಆದರೆ ಇದು ಸಂವಿಧಾನದ ರಕ್ಷಣೆಗೆ ಒಳಪಟ್ಟ ಧರ್ಮವೇ ಎಂದು ಒಪ್ಪಿತು. ಬತ್ತಿ ಸಿಗದಿದ್ದರೂ ಅವನಿಗೆ ಅವನ ಧರ್ಮ ಸಿಕ್ಕಿತು.

ನನ್ನ ಮನಸ್ಸಿಗೆ ಹೆಚ್ಚು ತಾಕಿದ್ದು ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೂವರ್ಟ್ ಅವರ ಸಂಗತಿ. 2005ರ ಸೆಪ್ಟೆಂಬರ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಅವರಿದ್ದ ಹೆಲಿಕಾಪ್ಟರ್ ಬಿದ್ದು ಸತ್ತರು. ವಿಕ್ಕಾ ಅವರ ಧರ್ಮ. ಅಮೆರಿಕದ ಮಡಿದ ಸೈನಿಕರ ಫಲಕದ ಮೇಲೆ ಶಿಲುಬೆ ಕೆತ್ತಬಹುದು, ಚಂದ್ರ ನಕ್ಷತ್ರ ಕೆತ್ತಬಹುದು, ಯಾವ ದೇವರನ್ನೂ ನಂಬದವರಿಗೂ ಒಂದು ಚಿಹ್ನೆ ಇತ್ತು. ವೃತ್ತದೊಳಗಿನ ಈ ಐದು ಮೂಲೆಯ ನಕ್ಷತ್ರಕ್ಕೆ ಮಾತ್ರ ಅನುಮತಿ ಇರಲಿಲ್ಲ. ನೆವಾಡಾದ ಫರ್ನ್ಲಿ ಊರಿನ ಸ್ಮಾರಕ ಗೋಡೆಯಲ್ಲಿ ಅವರ ಜಾಗ ಖಾಲಿ ಬಿದ್ದಿತ್ತು. ಹೆಂಡತಿ ರಾಬರ್ಟಾ ಬೇರೆ ಚಿಹ್ನೆ ಒಪ್ಪಲಿಲ್ಲ, ಚಿಹ್ನೆ ಇಲ್ಲದ ಫಲಕವನ್ನೂ ಒಪ್ಪಲಿಲ್ಲ. 2007ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಣಿದು ನಕ್ಷತ್ರವನ್ನು ಪಟ್ಟಿಗೆ ಸೇರಿಸಿತು. ಗಂಡ ಸತ್ತ ದುಃಖದಲ್ಲಿ ಆ ಹೆಂಗಸು ಒಂದೂವರೆ ವರ್ಷ ಕಚೇರಿ, ಕೋರ್ಟು ಅಲೆದದ್ದು ಬೆರಳುಗಾತ್ರದ ಆ ಗುರುತಿಗಾಗಿ.

ಮೇಷ್ಟ್ರೇ, ನೀವು ನಾಳೆ ಒಂದು ಧರ್ಮ ಶುರುಮಾಡಬಹುದು, ಅಡ್ಡಿಯಿಲ್ಲ. ನಿಮ್ಮ ಗೋರಿಯ ಮೇಲಿನ ಗುರುತಿಗಾಗಿ ಯಾರಾದರೂ ಹೀಗೆ ಅಲೆದಾಗ ನಾನು ಅದಕ್ಕೂ ಗೌರವ ಕೊಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಪೇಗನ್ (ಕ್ರೈಸ್ತಧರ್ಮಕ್ಕಿಂತ ಹಿಂದಿನ ದೇವತೆಗಳನ್ನು, ಪ್ರಕೃತಿಯನ್ನು ಪೂಜಿಸುವವರು) ಎಂದು ಬರೆಸಿದವರು ಸುಮಾರು 74,000, ವಿಕ್ಕಾ ಎಂದೇ ಬರೆಸಿದವರು ಸುಮಾರು 13,000. ವಿಚ್ ವೇಷದ ವಿಡಿಯೊ ನೋಡುವ ಕೋಟಿಗಟ್ಟಲೆ ಕಣ್ಣುಗಳ ಮುಂದೆ ಇದು ಒಂದು ಹಿಡಿ ಜನ.

ಪ್ರಶ್ನೆ: ನಾವು ಬಾಸ್ಟನ್ ಹತ್ತಿರ ಇದ್ದೇವೆ. ಪ್ರತಿ ಅಕ್ಟೋಬರ್ ಸೇಲಂ ಊರಿಗೆ ಹೋಗುವುದು ರೂಢಿ. ಮಗಳಿಗೆ ಒಂಬತ್ತು, ವಿಚ್ ಟೋಪಿ ಬೇಕೆಂದು ಹಟ. ಇದರಲ್ಲಿ ತಪ್ಪಿದೆಯೆ?

ಟೋಪಿ ಹಾಕಲಿ ಬಿಡಿ, ಒಂಬತ್ತು ವರ್ಷದ ಮಗು. ಆದರೆ ಅಂಗಡಿ ಬೀದಿಗೆ ಮೊದಲು ಚಾರ್ಟರ್ ಬೀದಿಯ ಹಳೆಯ ಸ್ಮಶಾನದ ಪಕ್ಕಕ್ಕೆ ಕರೆದುಕೊಂಡು ಹೋಗಿ. ಮೂರು ಕಡೆ ಕಲ್ಲಿನ ಗೋಡೆ, ಗೋಡೆಯಿಂದ ಚಾಚಿದ 20 ಕಲ್ಲು ಬೆಂಚುಗಳು, ಒಂದೊಂದರ ಮೇಲೆ ಒಂದೊಂದು ಹೆಸರು. 1692ರಲ್ಲಿ ವಿಚ್ ಎಂಬ ಆರೋಪ ಹೊರಿಸಿ ನೇಣಿಗೆ ಹಾಕಿದ 19 ಜನ, ಮತ್ತೆ ಮೈಮೇಲೆ ಕಲ್ಲು ಹೇರಿ ಕೊಂದ ಗೈಲ್ಸ್ ಕೋರಿ ಎಂಬ ಮುದುಕ. ಒಳಹೋಗುವ ಹೊಸ್ತಿಲಿನ ಕಲ್ಲಿನಲ್ಲಿ, ನಾವು ನಿರಪರಾಧಿಗಳು ಎಂದು ಆಗ ಅವರು ಆಡಿದ ಮಾತುಗಳನ್ನು ಕೆತ್ತಿದ್ದಾರೆ. ಸಾಲು ಮುಗಿಯುವ ಮೊದಲೇ ಗೋಡೆ ಬಂದು ಮಾತು ಅರ್ಧಕ್ಕೆ ತುಂಡಾಗುತ್ತದೆ. ಅಲ್ಲಿ ಮಗಳಿಗೇ ಓದಿಸಿ.

ಅವರಲ್ಲಿ ಒಬ್ಬರೂ ವಿಚ್ ಆಗಿರಲಿಲ್ಲ. ಚರ್ಚಿಗೆ ಹೋಗುವ, ಬೈಬಲ್ ಓದುವ ಜನ. ತಪ್ಪೊಪ್ಪಿಕೊಂಡವರನ್ನು ಉಳಿಸಿದರು, ಸುಳ್ಳು ಹೇಳಲಾರೆ ಎಂದವರನ್ನು ನೇಣಿಗೆ ಹಾಕಿದರು. ನೇಣು ಹಾಕಿದ ಜಾಗ ಪ್ರಾಕ್ಟರ್ಸ್ ಲೆಜ್ ಎಂಬ ಸಣ್ಣ ದಿಬ್ಬ ಎಂದು ವಿದ್ವಾಂಸರು ಖಚಿತಪಡಿಸಿದ್ದು 2016ರಲ್ಲಿ. ಈಗ ಅದರ ಬುಡದಲ್ಲಿ ಔಷಧಿ ಅಂಗಡಿ, ಸುತ್ತ ಜನವಸತಿ. 2017ರಲ್ಲಿ ಅಲ್ಲೂ ಒಂದು ಚಿಕ್ಕ ಸ್ಮಾರಕ ಕಟ್ಟಿದ್ದಾರೆ. ಆ ಹೊತ್ತಿಗೆ ಮಗಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರೆ ಅವಳಿಗೆ ಅರ್ಥವಾಗಿದೆ ಎಂದುಕೊಳ್ಳಿ. ಹಾಕಿಕೊಂಡೇ ಇದ್ದರೂ ಗದರಬೇಡಿ.

ಪ್ರಶ್ನೆ: ನಮ್ಮ ಕಡೆ ಭಾನಾಮತಿ ಮಾಡುತ್ತಾಳೆ ಎಂದು ಹೆಣ್ಣುಮಕ್ಕಳನ್ನು ಕಂಬಕ್ಕೆ ಕಟ್ಟಿ ಹೊಡೆದದ್ದನ್ನು ಕೇಳಿ ಬೆಳೆದವಳು ನಾನು. ನಿಮ್ಮ ಬರಹ ನೋಡಿ ಹೊಟ್ಟೆ ಉರಿಯಿತು. ಮಾಟ ಅಂದರೆ ಧರ್ಮವೂ ಅಲ್ಲ, ಫ್ಯಾಷನ್ನೂ ಅಲ್ಲ.
— ಪ್ರಾಥಮಿಕ ಶಾಲೆಯ ಶಿಕ್ಷಕಿ, ಕಲಬುರಗಿ ಜಿಲ್ಲೆ

ನಿಮ್ಮ ಸಿಟ್ಟು ನ್ಯಾಯವಾದದ್ದು ಅಕ್ಕಾ. ಒಂದೇ ಸಾಲಿನಲ್ಲಿ ಬರೆದು ಬಿಟ್ಟದ್ದು ನನ್ನ ತಪ್ಪು.

‘ವಿಚ್’ ಎಂಬುದಕ್ಕೆ ನಮ್ಮ ನಿಘಂಟು ಮಾಟಗಾತಿ ಅನ್ನುತ್ತದೆ. ಆದರೆ ನಮ್ಮಲ್ಲಿ ಮಾಟ ಎಂದರೆ ಇನ್ನೊಬ್ಬರಿಗೆ ಮಾಡಿಸುವುದು. ‘ಯಾರೋ ಮಾಡಿಸಿದ್ದಾರೆ’ ಎಂದೇ ಮಾತು ಶುರುವಾಗುತ್ತದೆ. ಬೆಳೆ ಹೋಯಿತು, ಎಮ್ಮೆ ಸತ್ತಿತು, ಮಗುವಿಗೆ ಜ್ವರ ಬಿಡಲಿಲ್ಲ ಅಂದರೆ ಬೆರಳು ಹೋಗುವುದು ಒಂಟಿ ಹೆಂಗಸಿನ ಕಡೆ, ಅವಳ ಹೆಸರಿನಲ್ಲಿ ಚೂರು ಹೊಲವಿದ್ದರಂತೂ ಮುಗಿದೇ ಹೋಯಿತು. ಜಾರ್ಖಂಡದ ಛುಟ್ನಿ ಮಹತೋ ಅವರನ್ನು 1995ರಲ್ಲಿ ಊರವರೇ ಡಾಯನ್ (ಮಾಟಗಾತಿ) ಎಂದು ಕರೆದು ಹಿಂಸಿಸಿ ಊರು ಬಿಡಿಸಿದರು. ಅವರು ತಮ್ಮಂತೆ ಪೆಟ್ಟು ತಿಂದ ಹೆಂಗಸರನ್ನು ಬಿಡಿಸಿಕೊಂಡು ಬರುವ ಕೆಲಸಕ್ಕೇ ಬದುಕು ಕೊಟ್ಟರು. 2021ರಲ್ಲಿ ಪದ್ಮಶ್ರೀ ಬಂತು. ಒಬ್ಬಳನ್ನು ಡಾಯನ್ ಎಂದು ಕರೆಯುವುದೇ ಅಪರಾಧ ಎಂದು ಜಾರ್ಖಂಡ 2001ರಲ್ಲಿ ಕಾನೂನು ಮಾಡಿತು. ನಮ್ಮ ರಾಜ್ಯದ ಮಾಟಮಂತ್ರ ತಡೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಏಳು ವರ್ಷದವರೆಗೆ ಜೈಲಿದೆ. ನಿಮ್ಮ ಊರಿನಲ್ಲಿ ಅಂಥದ್ದು ಕಂಡರೆ ಠಾಣೆಗೆ ಹೋಗುವಾಗ ಆ ಕಾಯ್ದೆಯ ಹೆಸರು ಬರೆದುಕೊಂಡೇ ಹೋಗಿ.

ಬ್ರಿಟನ್ನಿನ ಆ ಹೆಂಗಸರು ‘ವಿಚ್’ ಎಂಬ ಹೆಸರನ್ನು ತಾವಾಗಿ ಎತ್ತಿಕೊಂಡವರು. ಕೊಂದವರ ಬಾಯಿಂದ ಆ ಹೆಸರು ಕಿತ್ತುಕೊಂಡೆವು ಎಂದು ಅವರಲ್ಲಿ ಅನೇಕರು ಹೇಳುತ್ತಾರೆ. ಕಲಬುರಗಿಯ ಹೆಂಗಸಿಗೆ ಆ ಹೆಸರನ್ನು ಬೇರೆಯವರು ಹಣೆಗೆ ಒತ್ತುತ್ತಾರೆ, ಒರೆಸಿಕೊಳ್ಳುವ ಅವಕಾಶವೂ ಅವಳಿಗಿಲ್ಲ. ಅದಕ್ಕೇ ನಾನು ಈ ಬರಹದಲ್ಲಿ ವಿಚ್ ಎಂದೇ ಬರೆದಿದ್ದೇನೆ, ಅವರನ್ನು ಮಾಟಗಾತಿ ಎಂದು ಕರೆದಿಲ್ಲ. ಜಯನಗರದ ಆ ಹುಡುಗಿ ನಿಮ್ಮ ಪತ್ರವನ್ನೂ ಓದಲಿ. ಎದೆಯ ಮೇಲೆ ‘ಮಾಟಗಾತಿ’ ಎಂದು ಬರೆದ ಟಿ-ಶರ್ಟ್ ಹಾಕಿ ಅವಳು ಬೆಂಗಳೂರಿನ ಮೆಟ್ರೊ ಹತ್ತಬಹುದು. ನಿಮ್ಮ ಊರಿನ ಬಸ್ ಹತ್ತುವುದು ಕಷ್ಟ.

ಪ್ರಶ್ನೆ: ಮಗಳು ಲೀಡ್ಸ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ಅವಳ ಹಿಂದೆ ಒಂದು ಸಣ್ಣ ಮೇಜು ಕಂಡಿತು. ಕಲ್ಲುಗಳು, ಒಣಗಿದ ಎಲೆ, ಚಂದ್ರನ ಚಿತ್ರ, ಕ್ಯಾಂಡಲ್. ಕೇಳಿದರೆ ‘ಸುಮ್ಮನೆ ಅಮ್ಮಾ’ ಎಂದಳು. ರಾತ್ರಿ ನಿದ್ದೆ ಬರುತ್ತಿಲ್ಲ. ಮನೆದೇವರಿಗೆ ಹರಕೆ ಹೊತ್ತಿದ್ದೇನೆ. ಏನು ಮಾಡಲಿ?
— ಒಬ್ಬ ತಾಯಿ, ಮೈಸೂರು

ಅಮ್ಮಾ, ಹರಕೆ ತೀರಿಸಿ, ನಿದ್ದೆ ಮಾಡಿ. ನಿಮ್ಮ ಮಗಳಿಗೆ ಯಾರೂ ಏನೂ ಮಾಡಿಸಿಲ್ಲ, ಅವಳೂ ಯಾರಿಗೂ ಮಾಡುತ್ತಿಲ್ಲ.

‘ಸುಮ್ಮನೆ’ ಎಂದಳಲ್ಲ, ಅದು ನಿಜವೂ ಇರಬಹುದು. ಅಕ್ಟೋಬರ್‌ನಿಂದಾಚೆ ಅಲ್ಲಿ ನಾಲ್ಕೂವರೆ, ಐದಕ್ಕೆಲ್ಲ ಕತ್ತಲಾಗುತ್ತದೆ. ಗೆಳತಿಯರ ಕೋಣೆಯಲ್ಲಿ ಕಂಡದ್ದನ್ನು ತಂದು ಜೋಡಿಸಿ ಒಂಟಿತನ ಕಳೆಯುವ ಹುಡುಗಿಯರು ಬಹಳ. ಮೊದಲ ಚಳಿಗಾಲದಲ್ಲಿ ನಾನೂ ಕಿಟಕಿಯಲ್ಲಿ ಒಂದು ದೀಪ ಇಟ್ಟುಕೊಂಡು ಕೂರುತ್ತಿದ್ದೆ. ಅದಕ್ಕಿಂತ ಹೆಚ್ಚಿನದ್ದೂ ಇರಬಹುದು. ಅಂದಕ್ಕೆಂದು ಶುರುಮಾಡಿ ನಂಬಿಕೆಗೆ ಬಂದವರನ್ನೂ ನೋಡಿದ್ದೇನೆ. ನಾನು ಹೇಳಿದ ಆ ಬಸ್ ಡ್ರೈವರ್ ಹದಿನಾರರ ವಯಸ್ಸಿನಲ್ಲಿ ಒಬ್ಬ ಹುಡುಗಿಯ ಕಣ್ಣಿಗೆ ಬೀಳಲೆಂದು ನಕ್ಷತ್ರದ ಲಾಕೆಟ್ ಹಾಕಿದ್ದನಂತೆ. ಹುಡುಗಿ ಹೋದಳು, ಲಾಕೆಟ್ ಉಳಿಯಿತು ಎಂದು ಅವನೇ ಹೇಳಿದ್ದ. ಮೂವತ್ತು ವರ್ಷ ಆ ಮುದುಕಿಯ ಬಳಗದಲ್ಲಿದ್ದು, ಕೊನೆಗೆ ಅವರ ಕಾಲು ಒತ್ತುತ್ತ ಕೂತಿದ್ದವನು ಅವನೇ.

ಈ ಎರಡರಲ್ಲಿ ಯಾವುದು ಎಂದು ಪತ್ರ ನೋಡಿ ನಾನು ಹೇಳಲಾರೆ. ಬೈಯುವ ದನಿಯಲ್ಲಿ ಕೇಳಿದರೆ ಅವಳು ನಿಮಗೂ ಹೇಳುವುದಿಲ್ಲ, ಮುಂದಿನ ಕಾಲ್‌ನಲ್ಲಿ ಮೇಜು ಪಕ್ಕಕ್ಕೆ ಸರಿಸಿ ಕೂರುತ್ತಾಳೆ ಅಷ್ಟೆ. ಆ ಎಲೆ ಯಾವ ಮರದ್ದು ಎಂದು ಕೇಳಿ. ಎಲ್ಲಿ ಹೆಕ್ಕಿದೆ, ಯಾರ ಜತೆ ಹೋಗಿದ್ದೆ ಎಂದು ಕೇಳಿ. ನಿಮ್ಮ ದೇವರ ಮನೆಯಲ್ಲಿ ಇವತ್ತು ಯಾವ ಹೂ ಇಟ್ಟಿರಿ ಎಂದು ನೀವೂ ಫೋನ್ ತಿರುಗಿಸಿ ತೋರಿಸಿ.

ಒಂದು ಮಾತು ಮಾತ್ರ ಖಡಾಖಂಡಿತ ಹೇಳಿ. ಅಲ್ಲಿನ ವಿದ್ಯಾರ್ಥಿ ನಿಲಯಗಳಲ್ಲಿ ಕೋಣೆಯೊಳಗೆ ಕ್ಯಾಂಡಲ್, ಊದುಬತ್ತಿ ಹಚ್ಚುವಂತಿಲ್ಲ. ಹೊಗೆ ಹೋದರೆ ಅಲಾರಂ ಹೊಡೆದು ಇಡೀ ಕಟ್ಟಡ ರಾತ್ರೋರಾತ್ರಿ ಬೀದಿಗೆ ಬರುತ್ತದೆ, ದಂಡವೂ ಬೀಳಬಹುದು. ಬ್ಯಾಟರಿ ದೀಪ ಸಿಗುತ್ತದೆ, ತೆಗೆದುಕೊಳ್ಳಲಿ. ಅಂಥದ್ದರ ಮುಂದೆಯೇ ಆ ಮುದುಕಿ ತಮ್ಮವರ ಹೆಸರು ಹೇಳಿದ್ದು.